ಓಟಕ್ಕೆ ಮುಂಚೆ ಬಾಟಲಿ ಖಾಲಿ ಮಾಡ್ತೀರಾ?

ಪೊಲೀಸ್ ಕಾನ್ಸ್‌ಟೇಬಲ್ ಪರೀಕ್ಷೆಗೆ ತಯಾರಾಗ್ತಿರೋ ಕಲಬುರಗಿಯ ಕೇಳುಗರೊಬ್ಬರು ವಾಯ್ಸ್ ನೋಟ್ ಕಳ್ಸಿದ್ದಾರೆ: "ಅಣ್ಣಾ, ಬಿಸಿಲು ಭಾಳ ಅದ. 1600 ಮೀಟರ್ ಓಡೋರು ನೀರು ಯಾವಾಗ ಕುಡೀಬೇಕು?" ಎಷ್ಟು ಅಂತ ಕೇಳದೆ ಯಾವಾಗ ಅಂತ ಕೇಳಿದ್ದು ನಂಗೆ ಇಷ್ಟ ಆಯ್ತು.

ಕುಡಿದ ನೀರು ಹೊಟ್ಟೆಯಿಂದ ಸಣ್ಣ ಕರುಳಿಗೆ ಇಳಿದು, ಆಮೇಲಷ್ಟೇ ರಕ್ತಕ್ಕೆ ಸೇರುತ್ತೆ. ಓಟಕ್ಕೆ ಐದು ನಿಮಿಷ ಇರುವಾಗ ಇಡೀ ಬಾಟಲಿ ಗಟಗಟ ಕುಡಿದ್ರೆ ಅದು ಹೊಟ್ಟೇಲೇ ಕುಲುಕ್ತಾ ಇರುತ್ತೆ. 1600 ಮೀಟರ್ ಅಂದ್ರೆ ಆರೇಳು ನಿಮಿಷದ ಓಟ, ಮಧ್ಯೆ ನೀರು ಬೇಕಾಗಲ್ಲ. ಬೇಕಾದ್ದು ಮೊದಲೇ ಒಳಗೆ ಹೋಗಿರ್ಬೇಕು. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 2007ರಲ್ಲಿ ಕೊಟ್ಟ ಸಲಹೆ ಪ್ರಕಾರ, ಸುಮಾರು ನಾಲ್ಕು ಗಂಟೆ ಮುಂಚೆ ತೂಕದ ಪ್ರತಿ ಕೆಜಿಗೆ 5ರಿಂದ 7 ಮಿಲಿಲೀಟರ್. 60 ಕೆಜಿ ಇರೋರಿಗೆ 300ರಿಂದ 420, ಎರಡು ಲೋಟದ ಲೆಕ್ಕ. ಬೆಳಗ್ಗೆ ಐದಕ್ಕೇ ಓಡೋರು ಇದಕ್ಕೋಸ್ಕರ ಒಂದು ಗಂಟೆಗೆ ಅಲಾರಂ ಇಟ್ಕೋಬೇಡಿ. ರಾತ್ರಿ ಸರಿಯಾಗಿ ಕುಡಿದು ಮಲಗಿ, ಎದ್ದ ತಕ್ಷಣ ಒಂದು ಲೋಟ ಸಾಕು.

ಒಂದೂವರೆ ಗಂಟೆ ಪ್ರಾಕ್ಟೀಸ್ ಮಾಡ್ತೀರಾದ್ರೆ ಕಥೆ ಬೇರೆ. 15–20 ನಿಮಿಷಕ್ಕೊಮ್ಮೆ ಒಂದಿಷ್ಟು ಗುಟುಕು ಕುಡೀರಿ. ಎಷ್ಟು ಅಂತ ನಿಮ್ಮ ಬೆವರೇ ಹೇಳುತ್ತೆ, ಬಿಕಾಂ ಓದಿದ ನಂಗೆ ಇದು ಪಕ್ಕಾ ಜಮಾ-ಖರ್ಚು. ಶುರುವಿನಲ್ಲಿ 60 ಕೆಜಿ, ಮುಗಿದ ಮೇಲೆ 59, ಮಧ್ಯೆ ಕುಡಿದದ್ದು ಅರ್ಧ ಲೀಟರ್. ಅಂದ್ರೆ ಹೋಗಿದ್ದು ಸುಮಾರು ಒಂದೂವರೆ ಲೀಟರ್. ಹೋದದ್ದನ್ನೆಲ್ಲ ಮೈದಾನದಲ್ಲೇ ತುಂಬ್ಬೇಕಿಲ್ಲ, ತೂಕ ಶೇ 2ಕ್ಕಿಂತ ಜಾಸ್ತಿ ಇಳೀದಿದ್ರೆ ಆಯ್ತು. 60 ಕೆಜಿಗೆ ಅದು 1.2 ಕೆಜಿ. ಉಳಿದದ್ದನ್ನ ಮನೇಲಿ ಉಪ್ಪು ಹಾಕಿದ ಮಜ್ಜಿಗೆ, ಊಟದ ಜೊತೆ ತುಂಬ್ಕೊಳ್ಳಿ.

ತೂಕ ಏರಿದ್ರೆ? ಅದೇ ಅಪಾಯ. ನೀರು ವಿಪರೀತ ಆದ್ರೆ ರಕ್ತದಲ್ಲಿ ಸೋಡಿಯಂ ಇಳಿದು ಮೆದುಳು ಊದ್ಕೊಳ್ಳುತ್ತೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಜನರಲ್ಲಿ ಸೋಡಿಯಂ ಕಡಿಮೆ ಇತ್ತು. ಓಡ್ತಾ ತೂಕ ಏರಿಸ್ಕೊಂಡವರಲ್ಲೇ ಇದು ಹೆಚ್ಚು.

ಇನ್ನೊಂದು. ಬಿಸಿಲಲ್ಲಿ ಜೊತೆಗಾರ ಕುಸಿದು ತಡಬಡ ಮಾತಾಡ್ತಿದ್ರೆ ಬಾಯಿಗೆ ನೀರು ಸುರೀಬೇಡಿ, ಉಸಿರುನಾಳಕ್ಕೆ ಹೋಗ್ಬಹುದು. ನೆರಳಿಗೆ ಎಳ್ಕೊಂಡು ಹೋಗಿ, ಬಟ್ಟೆ ಸಡಿಲಿಸಿ, ಅದೇ ನೀರನ್ನ ಮೈಮೇಲೆ ಸುರಿದು ಗಾಳಿ ಹಾಕಿ. ಒಬ್ಬರು 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರೋವರೆಗೂ ಸುರೀತಾನೇ ಇರಿ.