ಹೊಸ ಮನೆಯಲ್ಲಿ ಗೃಹಚೈತ್ಯಾಲಯ: ಗೋಡೆ ಒಡೆಯುವ ಮುನ್ನ ಕ್ರಯಪತ್ರದ ಷರತ್ತು ಓದಿ

ಊರಿನ ಹಳೆಯ ಮನೆಗಳಲ್ಲಿ ದೇವರ ಕೋಣೆ ಎಲ್ಲಿರಬೇಕು, ಮುನಿಗಳ ಆಹಾರಕ್ಕೆ ಚೌಕ ಎಲ್ಲಿ ಹಾಕಬೇಕು ಎಂಬುದನ್ನು ಮನೆಯ ಹಿರಿಯರೇ ತೀರ್ಮಾನಿಸುತ್ತಿದ್ದರು. ಈಗ ನಮ್ಮ ಸಮಾಜದ ಅನೇಕ ಕುಟುಂಬಗಳು ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಮಂಗಳೂರುಗಳಲ್ಲಿ ಬಿಲ್ಡರ್ ಕಟ್ಟಿ ಮುಗಿಸಿದ ಫ್ಲಾಟ್ ಅಥವಾ ವಿಲ್ಲಾ ಕೊಳ್ಳುತ್ತಿವೆ. ಗೃಹಪ್ರವೇಶಕ್ಕೆ ಮೊದಲೇ ಬಡಗಿ, ಮೇಸ್ತ್ರಿ ಬರುತ್ತಾರೆ. ಆದರೆ ಏನನ್ನು ಬದಲಿಸಬಹುದು, ಏನನ್ನು ಬದಲಿಸುವಂತಿಲ್ಲ ಎಂಬುದು ನಾವು ಸಹಿ ಹಾಕಿದ ಪತ್ರದಲ್ಲೇ ಬರೆದಿರುತ್ತದೆ.

ನಿರ್ಬಂಧಕ ಷರತ್ತು ಎಂದರೇನು?

ಸ್ವತ್ತನ್ನು ಹೀಗೆ ಬಳಸಬಾರದು, ಇಂಥದ್ದನ್ನು ಕಟ್ಟಬಾರದು ಎಂದು ಮಾರುವವರು ಕೊಳ್ಳುವವರಿಗೆ ಹಾಕುವ ಕಟ್ಟುಪಾಡೇ ನಿರ್ಬಂಧಕ ಷರತ್ತು. ಮನೆಯ ಮುಂಭಾಗದ ರೂಪ ಮತ್ತು ಬಣ್ಣ ಬದಲಿಸಬಾರದು, ಬಾಲ್ಕನಿ ಮುಚ್ಚಬಾರದು, ಇನ್ನೊಂದು ಅಂತಸ್ತು ಏರಿಸಬಾರದು, ಒಳಗೋಡೆ ಒಡೆಯಬಾರದು, ವಾಸಕ್ಕಲ್ಲದೆ ಬೇರೆ ಉದ್ದೇಶಕ್ಕೆ ಬಳಸಬಾರದು – ಇವು ಸಾಮಾನ್ಯವಾಗಿ ಕಾಣುವ ಷರತ್ತುಗಳು.

ಇಂಥ ಷರತ್ತು ಕೊಂಡವರ ಜೊತೆಗೇ ಮುಗಿಯುವುದಿಲ್ಲ. ಸ್ವತ್ತಿನ ಜೊತೆ ಸಾಗುತ್ತದೆ. ನಮ್ಮ ಬಸದಿಗಳ ದಾನಶಾಸನಗಳನ್ನು ನೋಡಿದವರಿಗೆ ಇದು ಹೊಸ ವಿಚಾರವಲ್ಲ. ಬಸದಿಗೆ ಬಿಟ್ಟ ಭೂಮಿಯನ್ನು ಮುಂದೆ ಬರುವವರೂ ಕೆಡಿಸಬಾರದೆಂದು ಶಾಸನದ ಕೊನೆಯಲ್ಲಿ ಶಾಪಾಶಯ ಬರೆಸುತ್ತಿದ್ದರು. ಇಂದು ಶಾಪದ ಜಾಗದಲ್ಲಿ ನ್ಯಾಯಾಲಯದ ತಡೆಯಾಜ್ಞೆ ಇದೆ.

ಕಾನೂನು ಏನು ಹೇಳುತ್ತದೆ?

ಈ ತತ್ವಕ್ಕೆ ಆಧಾರವೆಂದು ಹೇಳುವ ತೀರ್ಪು 1848ರ ಟಲ್ಕ್ ವಿರುದ್ಧ ಮಾಕ್ಸೇ ಪ್ರಕರಣದ್ದು. ಲಂಡನ್ನಿನ ಲೆಸ್ಟರ್ ಚೌಕದ ಉದ್ಯಾನವನ್ನು ಮಾರುವಾಗ ಅದನ್ನು ತೆರೆದ ಜಾಗವಾಗಿಯೇ ಉಳಿಸಬೇಕೆಂಬ ಕರಾರು ಇತ್ತು. ಕೈಬದಲಾಗಿ ಬಂದ ಕೊನೆಯ ಮಾಲೀಕರಿಗೆ ಆ ಕರಾರು ಗೊತ್ತಿತ್ತು, ಆದರೂ ಕಟ್ಟಡ ಕಟ್ಟಲು ಹೊರಟರು. ಗೊತ್ತಿದ್ದೂ ಕೊಂಡವರು ಕರಾರಿಗೆ ಬದ್ಧರು ಎಂದು ನ್ಯಾಯಾಲಯ ತಡೆಯಿತು.

ನಮ್ಮಲ್ಲಿ 1882ರ ಸ್ವತ್ತು ಹಸ್ತಾಂತರ ಕಾಯ್ದೆಯ ಎರಡು ಕಲಮುಗಳು ಮುಖ್ಯ. 11ನೇ ಕಲಮಿನ ಪ್ರಕಾರ, ಪೂರ್ಣ ಹಕ್ಕು ಕೊಟ್ಟು ಮಾರಿದ ಮೇಲೆ "ಹೀಗೇ ಅನುಭವಿಸಬೇಕು" ಎಂಬ ನಿರ್ದೇಶನಕ್ಕೆ ಬಲವಿಲ್ಲ. ಆದರೆ ಮಾರಿದವರಿಗೆ ಸೇರಿದ ಇನ್ನೊಂದು ಸ್ವತ್ತಿನ ಸುಖಾನುಭವಕ್ಕಾಗಿ ಹಾಕಿದ ನಿರ್ದೇಶನಕ್ಕೆ ಬಲವಿದೆ. 40ನೇ ಕಲಮಿನ ಪ್ರಕಾರ, ಇಂಥ ನಿರ್ಬಂಧ ತಿಳಿದು ಕೊಂಡವರಿಗೂ ಉಚಿತವಾಗಿ ಪಡೆದವರಿಗೂ ಅದು ಅನ್ವಯಿಸುತ್ತದೆ. ಬೆಲೆ ಕೊಟ್ಟು, ತಿಳಿಯದೆ ಕೊಂಡವರಿಗೆ ಅನ್ವಯಿಸದು. ಆದರೆ ನೋಂದಾಯಿತ ಪತ್ರದಲ್ಲೇ ಷರತ್ತು ಇದ್ದರೆ "ನಮಗೆ ಗೊತ್ತಿರಲಿಲ್ಲ" ಎಂಬ ಮಾತು ನಿಲ್ಲುವುದು ಕಷ್ಟ. ಆದ್ದರಿಂದ ಎರಡನೇ ಕೈಯಿಂದ ಮನೆ ಕೊಳ್ಳುವವರು ಮೊದಲ ಕ್ರಯಪತ್ರವನ್ನೂ ಕೇಳಿ ಓದಬೇಕು.

ಫ್ಲಾಟ್‌ಗಳಿಗೆ ಇನ್ನೊಂದು ಕಾನೂನೂ ಇದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಗೆ ಒಳಪಟ್ಟ ಕಟ್ಟಡಗಳಲ್ಲಿ ಘೋಷಣಾ ಪತ್ರ, ಫ್ಲಾಟಿನ ಪತ್ರ ಮತ್ತು ಬೈಲಾಗಳ ಷರತ್ತನ್ನು ಪ್ರತಿಯೊಬ್ಬ ಮಾಲೀಕರೂ ಪಾಲಿಸಲೇಬೇಕು. ತಪ್ಪಿದರೆ ಸಂಘವು ನಷ್ಟ ಪರಿಹಾರ ಅಥವಾ ತಡೆಯಾಜ್ಞೆ ಕೋರಬಹುದು. ಕಟ್ಟಡದ ಭದ್ರತೆಗೆ ಅಪಾಯ ತರುವ ಕೆಲಸಕ್ಕೂ ಹೊಸದಾಗಿ ಕಟ್ಟಡದ ಭಾಗ ಸೇರಿಸುವುದಕ್ಕೂ ಉಳಿದ ಎಲ್ಲ ಮಾಲೀಕರ ಒಪ್ಪಿಗೆ ಬೇಕು.

ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆಗಳು

*ವೇದಿಯ ಭಾರ:* ಅಮೃತಶಿಲೆ ಒಂದು ಘನ ಅಡಿಗೆ ಸುಮಾರು 75 ಕೆ.ಜಿ. ತೂಗುತ್ತದೆ. ಮೂರು ಅಡಿ ಉದ್ದ, ಎರಡು ಅಡಿ ಅಗಲ, ಮೂರು ಅಡಿ ಎತ್ತರದ ಗಟ್ಟಿ ವೇದಿ ಎಂದರೆ ಸುಮಾರು 1,350 ಕೆ.ಜಿ. ವಾಸದ ಕೋಣೆಯ ನೆಲವನ್ನು ಸಾಮಾನ್ಯವಾಗಿ ಒಂದು ಚದರ ಮೀಟರಿಗೆ ಸುಮಾರು 200 ಕೆ.ಜಿ. ಬಳಕೆಯ ಭಾರ ಲೆಕ್ಕ ಹಾಕಿ ವಿನ್ಯಾಸ ಮಾಡುತ್ತಾರೆ. ಆ ವೇದಿ ಕೂರುವ ಜಾಗ ಅರ್ಧ ಚದರ ಮೀಟರಿಗಿಂತ ಸ್ವಲ್ಪವೇ ಹೆಚ್ಚು. ಆದ್ದರಿಂದ ಸ್ಟ್ರಕ್ಚರಲ್ ಎಂಜಿನಿಯರನ್ನು ಕೇಳದೆ ಗಟ್ಟಿ ಕಲ್ಲಿನ ವೇದಿ ಬೇಡ. ಮರದ ವೇದಿ, ಚಿಕ್ಕ ಲೋಹದ ಪ್ರತಿಮೆಯಾದರೆ ಈ ತೊಡಕಿಲ್ಲ.

*ಗೋಡೆ ಒಡೆಯುವುದು:* ಅಲ್ಯೂಮಿನಿಯಂ ಶಟರಿಂಗ್‌ನಲ್ಲಿ ಕಟ್ಟಿದ ಈಚಿನ ಅನೇಕ ಕಟ್ಟಡಗಳಲ್ಲಿ ಇಟ್ಟಿಗೆಯ ಗೋಡೆಗಳಿಲ್ಲ. ಕೋಣೆಗಳ ನಡುವಿನ ಗೋಡೆಯೂ ಕಬ್ಬಿಣ ಹಾಕಿದ ಕಾಂಕ್ರೀಟು; ಕಟ್ಟಡದ ಭಾರ ಹೊರುವುದೇ ಅದು. ಅಣ್ಣತಮ್ಮಂದಿರು ಅಕ್ಕಪಕ್ಕದ ಎರಡು ಫ್ಲಾಟ್ ಕೊಂಡು ನಡುವೆ ಬಾಗಿಲು ತೆಗೆಸಬೇಕೆಂದಿದ್ದರೆ ಕಟ್ಟುವ ಹಂತದಲ್ಲೇ ಕೇಳಿಕೊಳ್ಳಬೇಕು. ಆಮೇಲೆ ಒಡೆಯಲು ಹೋದರೆ ಮೇಲಿನ ಮನೆಯವರ ಜೀವಕ್ಕೂ ಅಪಾಯ.

*ಅಡುಗೆಮನೆ ಮತ್ತು ನೀರು:* ನೀರು ಹರಿಯುವ ಜಾಗಗಳಿಗೆ ಮಾತ್ರ ಕೆಳಗೆ ಕೊಳವೆ ಮತ್ತು ನೀರುಬಿಗಿ ಲೇಪನ ಇರುತ್ತದೆ. ಚೌಕಕ್ಕೆಂದು ಇನ್ನೊಂದು ಅಡುಗೆಮನೆಯನ್ನು ಮಲಗುವ ಕೋಣೆಯಲ್ಲಿ ಮಾಡಿದರೆ ಕೆಳಮನೆಯ ಚಾವಣಿ ಸೋರುವ ಸಂಭವ ಹೆಚ್ಚು. ಇರುವ ಅಡುಗೆಮನೆಯನ್ನೇ ಶುದ್ಧಿ ಮಾಡಿ ಬಳಸುವುದು, ನೀರು ಗಾಳಿಸುವ ವ್ಯವಸ್ಥೆಯನ್ನು ನಲ್ಲಿಯ ಬಳಿಯೇ ಮಾಡಿಕೊಳ್ಳುವುದು ಸುಲಭ. ಸ್ನಾನದ ಕೋಣೆಯನ್ನು ದೇವರ ಕೋಣೆ ಮಾಡಬೇಡಿ: ಅದರ ನೇರ ಮೇಲೆ ಇನ್ನೊಂದು ಮನೆಯ ಶೌಚಾಲಯವಿರುತ್ತದೆ.

*ಶಿಖರ, ಧ್ವಜ, ಮಾನಸ್ತಂಭ:* ವಿಲ್ಲಾದ ತಾರಸಿಯ ಮೇಲೆ ಶಿಖರ ಕಟ್ಟುವುದು, ಅಂಗಳದಲ್ಲಿ ಮಾನಸ್ತಂಭ ನಿಲ್ಲಿಸುವುದು ಮುಂಭಾಗದ ರೂಪ ಬದಲಿಸಿದಂತೆ. ಷರತ್ತಿನ ಜೊತೆಗೆ ಸ್ಥಳೀಯ ಸಂಸ್ಥೆಯ ಕಟ್ಟಡ ಪರವಾನಗಿಯ ಪ್ರಶ್ನೆಯೂ ಬರುತ್ತದೆ. ಮನೆಮಂದಿಯ ನಿತ್ಯಪೂಜೆ ವಾಸದ ಭಾಗವೇ. ಆದರೆ ಪ್ರತಿದಿನ ಹೊರಗಿನವರು ಸೇರುವ ಪೂಜಾಸ್ಥಳವಾದರೆ "ವಾಸಕ್ಕೆ ಮಾತ್ರ" ಎಂಬ ಷರತ್ತಿನಡಿ ಆಕ್ಷೇಪ ಬರಬಹುದು. ಮುನಿಸಂಘದ ಆಹಾರದ ದಿನ ಮೊದಲೇ ಸಂಘಕ್ಕೆ ತಿಳಿಸಿ, ಭದ್ರತಾ ಸಿಬ್ಬಂದಿಗೂ ಹೇಳಿಡುವುದು ಒಳ್ಳೆಯದು.

ಬಿಲ್ಡರ್ ಹೊಣೆ ತಪ್ಪದಿರಲಿ

2016ರ ರೇರಾ ಕಾಯ್ದೆಯ 14(3)ನೇ ಕಲಮಿನ ಪ್ರಕಾರ ಮನೆ ಸ್ವಾಧೀನ ಕೊಟ್ಟ 5 ವರ್ಷಗಳ ಒಳಗೆ ರಚನೆಯ ಅಥವಾ ಕೆಲಸದ ದೋಷ ತಿಳಿಸಿದರೆ, ಬಿಲ್ಡರ್ 30 ದಿನಗಳಲ್ಲಿ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು. ಒಪ್ಪಿಗೆಯಿಲ್ಲದೆ ಗೋಡೆ ಒಡೆದ ಮನೆಯಲ್ಲಿ ಬಿರುಕು ಬಂದರೆ "ಇದು ನಿಮ್ಮ ಕೆಲಸದ ಫಲ" ಎಂದು ಹೇಳಲು ಅವರಿಗೆ ದಾರಿಯಾಗುತ್ತದೆ. ದೊಡ್ಡ ಬದಲಾವಣೆ ಇದ್ದರೆ ಮೊದಲು ಇರುವ ದೋಷಗಳ ಚಿತ್ರ ತೆಗೆದು ಲಿಖಿತ ದೂರು ಕೊಟ್ಟಿಡಿ.

ಒಪ್ಪಿಗೆ ಪಡೆಯುವ ಕ್ರಮ

1. ಮುಂಗಡ ಕೊಡುವ ಮೊದಲೇ ಕರಾರುಪತ್ರ, ಕ್ರಯಪತ್ರದ ಕರಡು, ಘೋಷಣಾ ಪತ್ರ, ಬೈಲಾ – ನಾಲ್ಕನ್ನೂ ಕೇಳಿ. ದೇವರ ಕೋಣೆಯ ಅಗತ್ಯವನ್ನು ಆಗಲೇ ತಿಳಿಸಿ, ಒಪ್ಪಿದ್ದನ್ನು ಕರಾರಿನಲ್ಲೇ ಬರೆಸಿ. ಮಾರಾಟ ಪ್ರತಿನಿಧಿಯ ಬಾಯಿಮಾತನ್ನು ನಂಬಿ ಕೂರಬೇಡಿ.
2. ಬದಲಾವಣೆಯ ನಕ್ಷೆ ಮತ್ತು ಎಂಜಿನಿಯರರ ಪತ್ರದೊಡನೆ ಅರ್ಜಿ ಕೊಡಿ. ಹಸ್ತಾಂತರಕ್ಕೆ ಮುನ್ನ ಬಿಲ್ಡರಿಗೆ, ಆಮೇಲೆ ಸಾಮಾನ್ಯವಾಗಿ ಮಾಲೀಕರ ಸಂಘಕ್ಕೆ.
3. ಗೃಹಸಾಲ ಇದ್ದರೆ ಸಾಲದ ಕರಾರನ್ನೂ ನೋಡಿ. ರಚನೆ ಬದಲಿಸಲು ಬ್ಯಾಂಕಿನ ಒಪ್ಪಿಗೆ ಬೇಕೆಂಬ ಷರತ್ತು ಅದರಲ್ಲಿ ಇರಬಹುದು.
4. ನಿರಾಕ್ಷೇಪಣಾ ಪತ್ರವನ್ನು ಕ್ರಯಪತ್ರದ ಜೊತೆಯಲ್ಲೇ ಜೋಪಾನವಾಗಿಡಿ. ಮನೆ ಮಾರುವಾಗ ಕೊಳ್ಳುವವರು ಕೇಳುತ್ತಾರೆ.

ಈಗಾಗಲೇ ಬದಲಾವಣೆ ಮಾಡಿದವರು ನೋಟಿಸು ಬರುವವರೆಗೆ ಕಾಯದೆ ಎಂಜಿನಿಯರರಿಂದ ಪರೀಕ್ಷೆ ಮಾಡಿಸಿ ಸಂಘಕ್ಕೆ ತಿಳಿಸುವುದು ಲೇಸು. ಅಪಾಯವಿಲ್ಲದ ಕೆಲಸಕ್ಕೆ ಹೆಚ್ಚಿನ ಸಂಘಗಳು ಮಾತುಕತೆಯಲ್ಲೇ ದಾರಿ ಕಾಣುತ್ತವೆ. ನೋಟಿಸು ಬಂದರೆ ಪತ್ರಗಳೊಡನೆ ವಕೀಲರನ್ನು ಕಾಣಿ. ಹಿಂದಿನ ದಿನಾಂಕ ಹಾಕಿ ಒಪ್ಪಿಗೆ ಪತ್ರ ಸೃಷ್ಟಿಸುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಸುಳ್ಳು ಪತ್ರ ಬರೆಯುವ ಕೂಟಲೇಖಕ್ರಿಯೆಯನ್ನು ತತ್ವಾರ್ಥಸೂತ್ರ ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಜಿನಬಿಂಬ ನೆಲೆಗೊಳ್ಳುವ ಕೋಣೆ ನೆರೆಯವರ ಮನಸ್ಸಿಗೂ ಅವರ ಚಾವಣಿಗೂ ನೋವು ಮಾಡದೆ ಸಿದ್ಧವಾಗಲಿ.