ಒಂದೂಕಾಲು ಇಂಚಿನ ಬಾಗಿಲು

ಹಳೆಯ ಹೆಂಚಿನ ಮನೆಗಳಲ್ಲಿ ದೇವರ ಪಟ, ಹಿರಿಯರ ಫೋಟೊಗಳನ್ನು ಗೋಡೆಗೆ ಒತ್ತಿ ಹಾಕುತ್ತಿರಲಿಲ್ಲ. ಮೇಲೆ ಮೊಳೆಗೆ ಹುರಿ ಕಟ್ಟಿ, ನೋಡುವವರ ಕಡೆಗೆ ತುಸು ಬಾಗಿದಂತೆ ತೂಗುಹಾಕುತ್ತಿದ್ದರು. ಪಟದ ಬೆನ್ನಿಗೆ ಉಳಿದ ಸಂದಿಗೆ ಗುಬ್ಬಚ್ಚಿ ಹುಲ್ಲು ತುರುಕುತ್ತಿತ್ತು. ಕಸ ಗುಡಿಸುವಾಗ ಅಜ್ಜನ ಫೋಟೊ ಕೆಳಗೆ ಕಡ್ಡಿ ಬಿದ್ದಿದ್ದರೆ ಅಜ್ಜಿ ಗೊಣಗುತ್ತಿದ್ದಳು. ಗೂಡು ಮಾತ್ರ ತೆಗೆಸುತ್ತಿರಲಿಲ್ಲ.

ಬಾಣಾವರದ ಸುತ್ತಿನ ತೆಂಗಿನ ಸೀಮೆಯಲ್ಲಿ ಹೆಂಚಿನ ಮನೆಗಳು ಪೂರ್ತಿ ಮಾಯವಾಗಿಲ್ಲ. ಆದರೆ ಈಗ ಕಟ್ಟುವ ಮನೆಗಳದು ಆರ್‌ಸಿಸಿ ತಾರಸಿ, ನುಣ್ಣನೆಯ ಗೋಡೆ, ಕಿಟಕಿಗೆ ಸೊಳ್ಳೆ ಜಾಲರಿ. ಸೂರಿನಡಿಯ ಬಿಲ, ಜಂತೆಯ ಮೂಲೆ, ವಾಲಿದ ಪಟ ಯಾವುದೂ ಅಲ್ಲಿಲ್ಲ. ಹಿಂದಿನವರು ಹಕ್ಕಿಗೆಂದು ಏನನ್ನೂ ಕಟ್ಟಿರಲಿಲ್ಲ, ಮನೆಯ ಕೊರತೆಗಳಲ್ಲೇ ಅದು ಸಂಸಾರ ಹೂಡಿತ್ತು. ಇಂದು ಹಿತ್ತಲ ಗೋಡೆಗೆ ತೂಗುಹಾಕುವ ಮರದ ಗೂಡು ಆ ಕೊರತೆಯನ್ನೇ ಅಳತೆ ಹಿಡಿದು ಮತ್ತೆ ಮಾಡುವ ಕೆಲಸ.

ಎಲ್ಲ ಹಕ್ಕಿಗೂ ಇಂಥ ಗೂಡು ಒಗ್ಗುವುದಿಲ್ಲ. ಗೀಜಗ ತನ್ನದನ್ನು ತಾನೇ ಹೆಣೆಯುತ್ತದೆ. ಸೂರಕ್ಕಿ ಹೂಗಿಡದ ತುದಿಗೆ ಜೋತುಬೀಳುವ ಚೀಲ ಕಟ್ಟುತ್ತದೆ. ಕುಟ್ರುಹಕ್ಕಿ ಒಣಗೊಂಬೆಯನ್ನು ಕೊಕ್ಕಿನಿಂದಲೇ ಕೊರೆಯುತ್ತದೆ. ಸಿದ್ಧವಾದ ಪೊಟರೆ ಹುಡುಕುವವು ಮಾತ್ರ ಪೆಟ್ಟಿಗೆಯತ್ತ ಕಣ್ಣು ಹಾಯಿಸುತ್ತವೆ: ಗುಬ್ಬಚ್ಚಿ, ಮಡಿವಾಳ ಹಕ್ಕಿ, ಗೊರವಂಕ, ದೊಡ್ಡ ಪೆಟ್ಟಿಗೆಯಾದರೆ ಹಾಲಕ್ಕಿ. ಇವುಗಳಲ್ಲಿ ಜನವಸತಿಗೆ ಅತಿ ಹೆಚ್ಚು ಅಂಟಿಕೊಂಡದ್ದು ಗುಬ್ಬಚ್ಚಿ. ಪಾಳುಬಿದ್ದ ಕಲ್ಲುಕಟ್ಟಡ ಪಾರಿವಾಳಕ್ಕೆ ಸಾಕು. ಗುಬ್ಬಿಗೆ ಒಲೆ ಉರಿಯುವ, ಕಾಳು ಕೇರುವ ಮನೆ ಬೇಕು.

ಮರ ಬಲು ಕಡಿಮೆ ಸಾಕು. ಸಾಮಿಲ್ಲಿನಲ್ಲಿ ಉಳಿದ ಹಲಸು, ಬೇವಿನ ತುಂಡಾದರೂ ಆದೀತು. ಬೇಲೂರು ಕಡೆಯ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಹಲಗೆಯಾದರೂ ಆದೀತು. 6 ಇಂಚು ಅಗಲ, ಮುಕ್ಕಾಲು ಇಂಚು ದಪ್ಪ, ನಾಲ್ಕೂವರೆ ಅಡಿ ಉದ್ದದ ಒಂದೇ ಹಲಗೆಯಲ್ಲಿ ಇಡೀ ಮನೆ ಮುಗಿಯುತ್ತದೆ. ಹಿಂಬದಿಗೆ 12 ಇಂಚು, ಮುಂಬದಿಗೆ 8. ಪಕ್ಕದ ಎರಡು ಹಲಗೆಗೆ 18 ಇಂಚಿನ ತುಂಡನ್ನು ಓರೆಯಾಗಿ ಕೊಯ್ದರೆ ಎರಡೂ ಮುಂದೆ 8, ಹಿಂದೆ 10 ಇಂಚು ಎತ್ತರ ನಿಲ್ಲುತ್ತವೆ, ಚಾವಣಿಗೆ ಇಳಿಜಾರು ತಾನಾಗಿ ಸಿಗುತ್ತದೆ. ತಳಕ್ಕೆ ನಾಲ್ಕೂವರೆ, ಚಾವಣಿಗೆ ಒಂಬತ್ತೂವರೆ ಇಂಚು. ಚಾವಣಿ ಮುಂದಕ್ಕೆ ಚಾಚಿರಬೇಕು, ಮಳೆಯ ಎರಚಲು ಬಾಗಿಲಿಗೆ ಬಡಿಯಬಾರದು.

ಜಾಣತನವೆಲ್ಲ ಇರುವುದು ತೂತಿನಲ್ಲಿ. ಗುಬ್ಬಚ್ಚಿಗೆ 32 ಮಿಲಿಮೀಟರ್, ಎಂದರೆ ಒಂದೂಕಾಲು ಇಂಚು. ಅದಕ್ಕಿಂತ ದೊಡ್ಡದಾದರೆ ಗೊರವಂಕ ಬಂದು ಮನೆ ಹಿಡಿಯುತ್ತದೆ. ಬಾಗಿಲಿಗೆ ಲಾಕು ಕೂರಿಸುವಾಗ ಬಡಗಿಗಳು ಬಳಸುವ ಹೋಲ್‌ಸಾ ಇದ್ದರೆ ಒಂದು ನಿಮಿಷದ ಕೆಲಸ. ತೂತು ತಳದಿಂದ 5 ಇಂಚಾದರೂ ಮೇಲಿರಬೇಕು. ಇಲ್ಲವಾದರೆ ಬೆಕ್ಕಿನ ಪಂಜ ಮರಿಗಳನ್ನು ಮುಟ್ಟುತ್ತದೆ. ಅಂಗಡಿಯ ಗೂಡುಗಳಲ್ಲಿ ಅಂದಕ್ಕೆ ಬಾಗಿಲ ಮುಂದೆ ಒಂದು ಗೂಟ ಸಿಕ್ಕಿಸಿರುತ್ತಾರೆ. ಗುಬ್ಬಿಗೆ ಅದರ ಅಗತ್ಯವಿಲ್ಲ, ಅದು ನೇರ ತೂತಿನ ಅಂಚಿಗೇ ಬಂದು ಕೂರುತ್ತದೆ. ಗೂಟದ ಲಾಭವೇನಿದ್ದರೂ ಗೂಡು ದೋಚಲು ಬರುವವರಿಗೆ.

ತಳದಲ್ಲಿ ನೀರು ಬಸಿಯಲು ನಾಲ್ಕು ಸಣ್ಣ ತೂತು, ಚಾವಣಿಯ ಕೆಳಗೆ ಗಾಳಿಯಾಡಲು ಎರಡು. ಒಳಗೆ ಬಣ್ಣ, ವಾರ್ನಿಷ್ ಏನೂ ಬೇಡ. ಒರಟು ಹಲಗೆಯೇ ಒಳ್ಳೆಯದು, ಮರಿಗಳು ಹೊರಬರುವಾಗ ಉಗುರಿಗೆ ಹಿಡಿತ ಸಿಗುತ್ತದೆ. ಚಾವಣಿಗೆ ತಿರುಗಣಿ ಕೂರಿಸುವ ಬದಲು ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಬಡಿದರೆ ಮುಚ್ಚಳ ತೆರೆಯಲೂ ಬರುತ್ತದೆ, ಹಿಂದಿನ ಸಂದಿಗೆ ನೀರೂ ಇಳಿಯುವುದಿಲ್ಲ. ಶೂ ಡಬ್ಬಿಯ ಗೂಡು ಮಕ್ಕಳ ಕೈಗೆ ಸುಲಭ, ಮೊದಲ ಜೋರು ಮಳೆಗೆ ಕರಗಿಹೋಗುತ್ತದೆ. ಕಾಗಕ್ಕನ ಸಗಣಿ ಮನೆಯ ಕತೆ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಕ್ಕಿಗಾಗಿ ಮನೆ ಕಟ್ಟುವುದು ಹೊಸ ಹುಚ್ಚಲ್ಲ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವಾಟರ್‌ಟನ್ ಎಂಬ ಜಮೀನುದಾರ ತನ್ನ ವಾಲ್ಟನ್ ಹಾಲ್ ತೋಟದಲ್ಲಿ ಹಕ್ಕಿಗಳಿಗೆ ಗೂಡುತಾಣಗಳನ್ನು ಮಾಡಿಸಿದ್ದ. ಅಮೆರಿಕದ ಮೂಲನಿವಾಸಿಗಳು ಟೊಳ್ಳು ಮಾಡಿದ ಸೋರೆಬುರುಡೆ ತೂಗುಹಾಕುತ್ತಿದ್ದರು. ಅಲ್ಲಿನ ಪೂರ್ವ ಭಾಗದ ಪರ್ಪಲ್ ಮಾರ್ಟಿನ್ ಹಕ್ಕಿ ಈಗ ಹೆಚ್ಚುಕಡಿಮೆ ಪೂರ್ತಿಯಾಗಿ ಮನುಷ್ಯರು ಕೊಟ್ಟ ಗೂಡುಗಳಲ್ಲೇ ಸಂತಾನ ಬೆಳೆಸುತ್ತದೆ.

ನಮ್ಮಲ್ಲಿ ಗುಬ್ಬಿಗೂಡಿಗೆ ಪ್ರಚಾರ ತಂದವರು ನಾಸಿಕದ ಮೊಹಮ್ಮದ್ ದಿಲಾವರ್. ಅವರ ನೇಚರ್ ಫಾರೆವರ್ ಸೊಸೈಟಿಯ ಮುಂದಾಳತ್ವದಲ್ಲಿ 2010ರಿಂದ ಮಾರ್ಚ್ 20ರಂದು ವಿಶ್ವ ಗುಬ್ಬಚ್ಚಿ ದಿನ ನಡೆಯುತ್ತಿದೆ. ಅದೇ ವರ್ಷ ಅಂಚೆ ಇಲಾಖೆಯ ಚೀಟಿಯ ಮೇಲೂ ಗುಬ್ಬಚ್ಚಿ ಬಂತು. 2012ರಲ್ಲಿ ದೆಹಲಿ ಅದನ್ನು ತನ್ನ ರಾಜ್ಯಪಕ್ಷಿ ಮಾಡಿಕೊಂಡಿತು. ಗುಬ್ಬಿ ಅಳಿದೇ ಹೋಯಿತು ಎಂಬ ಮಾತು ಮಾತ್ರ ತುಸು ಅತಿ. 2020ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿಯ ಪ್ರಕಾರ ದೇಶದ ಒಟ್ಟು ಲೆಕ್ಕದಲ್ಲಿ ಅದರ ಸಂಖ್ಯೆ ಸ್ಥಿರವಾಗಿದೆ, ಇಳಿದಿರುವುದು ಮಹಾನಗರಗಳಲ್ಲಿ. ಬಾಣಾವರದಂಥ ಊರಿನಲ್ಲಿ ಗೂಡಿಗೆ ಒಕ್ಕಲು ಬರುವ ಆಸೆ ಬೆಂಗಳೂರಿನ ಅಪಾರ್ಟ್‌ಮೆಂಟಿಗಿಂತ ಹೆಚ್ಚು.

ಪೆಟ್ಟಿಗೆಯಿಂದ ಆಗದ ಕೆಲಸವೂ ಇದೆ. ದೊಡ್ಡ ಗುಬ್ಬಿ ರಾಗಿ, ನವಣೆ ತಿಂದು ಬದುಕೀತು, ಮರಿಗೆ ಮಾತ್ರ ಮೊದಲ ದಿನಗಳಲ್ಲಿ ಹುಳುಹುಪ್ಪಟೆಯೇ ಆಹಾರ. ಔಷಧಿ ಹೊಡೆದು ಹುಳುವೆಲ್ಲ ಸತ್ತ ಹಿತ್ತಲಲ್ಲಿ ಎಷ್ಟು ಚೆಂದದ ಗೂಡಿದ್ದರೂ ಮರಿಯ ಹೊಟ್ಟೆ ತುಂಬದು. ದಾಸವಾಳ, ಕರಿಬೇವಿನ ಗಿಡ, ಒಂದಿಷ್ಟು ಕಳೆ, ಮಿಂದಾಡಲು ಹುಡಿಮಣ್ಣು ಇವು ಗೂಡಿನಷ್ಟೇ ಮುಖ್ಯ. ಮಲೆನಾಡಿನ ಮನೆಗಳ ಭತ್ತದ ತೋರಣ ಹಬ್ಬದ ಅಲಂಕಾರ ನಿಜ, ಗುಬ್ಬಿಗಳ ಲೆಕ್ಕದಲ್ಲಿ ಅದು ಬಾಗಿಲಿಗೆ ಕಟ್ಟಿದ ಊಟ.

ಗೂಡನ್ನು ಮರಕ್ಕಿಂತ ಗೋಡೆಗೆ ಹಾಕುವುದು ಮೇಲು. ಎಂಟು ಹತ್ತು ಅಡಿ ಎತ್ತರ, ಸೂರಿನ ನೆರಳು, ಮಧ್ಯಾಹ್ನದ ಬಿಸಿಲು ಬೀಳದ ದಿಕ್ಕು. ಗುಬ್ಬಿಗಳಿಗೆ ನೆರೆಹೊರೆ ಇಷ್ಟ, ಸಾಲಾಗಿ ಎರಡು ಮೂರು ಗೂಡಿದ್ದರೂ ಜಗಳವಿಲ್ಲ. ವಾರದಲ್ಲೇ ಒಕ್ಕಲು ಬರಬಹುದು, ವರ್ಷವಿಡೀ ಖಾಲಿಯೂ ಇರಬಹುದು. ಬಾರದಿದ್ದರೆ ಜಾಗ ಬದಲಿಸಿ ನೋಡಬೇಕು.

ಬಂದ ಮೇಲೆ ಲೆಕ್ಕ ಸುಲಭ. ಮೂರರಿಂದ ಐದು ಮೊಟ್ಟೆ, ಹನ್ನೆರಡು ದಿನಗಳ ಆಸುಪಾಸು ಕಾವು, ಮತ್ತೆ ಎರಡು ವಾರಕ್ಕೆ ಮರಿ ಹೊರಗೆ. ಆಮೇಲೆ ಮುಚ್ಚಳ ಎತ್ತಿ ಹಳೆಯ ಗೂಡನ್ನು ತೆಗೆದರೆ ಕೈಗೆ ಬರುವುದು ಹುಲ್ಲು, ತೆಂಗಿನ ನಾರು, ಕೋಳಿ ಪುಕ್ಕ, ಬಟ್ಟೆಯ ಎಳೆ, ಕೆಲವೊಮ್ಮೆ ಗೊಬ್ಬರದ ಚೀಲದ ನೈಲಾನ್ ದಾರ. ಆ ದಾರ ಮರಿಯ ಕಾಲಿಗೆ ಸುತ್ತಿಕೊಳ್ಳುವುದರಿಂದ ಹಿತ್ತಲಲ್ಲಿ ಇನ್ನೆಲ್ಲಿ ಬಿದ್ದಿದೆಯೋ ಹುಡುಕಿ ಎತ್ತಿಡಬೇಕು. ಪೆಟ್ಟಿಗೆಯನ್ನು ಕೊಡವಿ, ಒಂದು ಬಿಸಿಲು ಕಾಯಿಸಿ ಮತ್ತೆ ಮೊಳೆಗೆ ಸಿಕ್ಕಿಸುವಷ್ಟರಲ್ಲಿ ಗಂಡು ಗುಬ್ಬಿ ಬಟ್ಟೆ ಒಣಹಾಕುವ ತಂತಿಯ ಮೇಲೆ ಬಂದು ಕೂತಿರುತ್ತದೆ, ಕೊಕ್ಕಿನಲ್ಲಿ ಹೊಸ ಹುಲ್ಲೆಳೆ.