ನಾಟಿಗದ್ದೆ ಮತ್ತು ಸೊಂಟನೋವು: ಈಸೂರು ಸೀಮೆಯ ದುಡಿಮೆಯನ್ನು ಕುರಿತು

ಶಿಕಾರಿಪುರ ತಾಲ್ಲೂಕಿನ ಈಸೂರು ಚರಿತ್ರೆಯಲ್ಲಿ ಸ್ಥಾನ ಪಡೆದಿರುವುದು 1942ರ ಸೆಪ್ಟೆಂಬರಿನಲ್ಲಿ ತಾನು ಸ್ವತಂತ್ರವೆಂದು ಸಾರಿಕೊಂಡ ಗ್ರಾಮವೆಂಬ ಕಾರಣದಿಂದ. 1943ರ ಮಾರ್ಚಿಯಲ್ಲಿ ಆ ಊರಿನ ಐವರು ನೇಣುಗಂಬವನ್ನೇರಿದರು. ಇದು ಸರ್ವವಿದಿತವಾದ ಸಂಗತಿಯಾದುದರಿಂದ ಇಲ್ಲಿ ವಿಸ್ತರಿಸುವುದು ಅನಾವಶ್ಯಕ. ಆದರೆ ಅಂದು ಕಂದಾಯ ಕೊಡೆವೆಂದ ಜನರು ಆ ಕಂದಾಯವನ್ನು ಎಂತಹ ದುಡಿಮೆಯಿಂದ ಹುಟ್ಟಿಸುತ್ತಿದ್ದರು, ಆ ದುಡಿಮೆ ಅವರ ಶರೀರವನ್ನು ಏನು ಮಾಡುತ್ತಿತ್ತು ಎಂಬುದನ್ನು ನಾವು ಕೇಳಿದ್ದು ಕಡಮೆ. ಸರ್ಕಾರದ ದಫ್ತರಗಳು ಗದ್ದೆಯನ್ನು ಎಕರೆ ಗುಂಟೆಗಳಲ್ಲಿಯೂ ಫಸಲನ್ನು ಖಂಡುಗಗಳಲ್ಲಿಯೂ ಅಳೆದವು. ಬೆಳೆದವರ ನಡುವಿನ ನೋವನ್ನು ಬರೆದಿಡಲು ಅವುಗಳಲ್ಲಿ ಅಂಕಣವೇ ಇರಲಿಲ್ಲ. ಚರಿತ್ರೆಯ ಅಧ್ಯಾಪಕನೊಬ್ಬನು ವೈದ್ಯರ ವಿಷಯಕ್ಕೆ ಕೈಹಾಕಲು ಈ ಕೊರತೆಯೇ ನೆಪ.

ಸೊಂಟನೋವು ಹೊಸ ರೋಗವಲ್ಲ. ಸೊಂಟದಿಂದ ಕಾಲಿಗೆ ಇಳಿಯುವ ನೋವನ್ನು ಚರಕಸಂಹಿತೆ ಗೃಧ್ರಸಿ ಎಂದು ಕರೆದಿದೆ. ನಮ್ಮ ರೈತರು ‘ಸೊಂಟ ಹಿಡಿದಿದೆ’, ‘ಉಳುಕಿದೆ’ ಎಂದು ಹೇಳಿ, ವಾಯುವಿನ ಮೇಲೆಯೋ ವಯಸ್ಸಿನ ಮೇಲೆಯೋ ಹೊರಿಸಿ ಸುಮ್ಮನಾಗುವರು. 2020ರಲ್ಲಿ ಜಗತ್ತಿನಾದ್ಯಂತ ಸುಮಾರು 61.9 ಕೋಟಿ ಜನರಿಗೆ ಈ ನೋವು ಇದ್ದಿತೆಂದು ಅಂದಾಜು ಮಾಡಲಾಗಿದೆ. ಮನುಷ್ಯನನ್ನು ದುಡಿಮೆಗೆ ಅಸಮರ್ಥನನ್ನಾಗಿ ಮಾಡುವ ಕಾರಣಗಳಲ್ಲಿ ಇದೇ ಮೊದಲನೆಯದು. ಹತ್ತರಲ್ಲಿ ಒಂಬತ್ತು ಪಾಲು ರೋಗಿಗಳಲ್ಲಿ ಇಂತಹುದೇ ಮೂಳೆ, ಇಂತಹುದೇ ನರ ಕೆಟ್ಟಿದೆಯೆಂದು ಬೆರಳಿಟ್ಟು ತೋರಿಸಲಾಗದು. ಆದುದರಿಂದಲೇ ರೋಗಿಯ ಬೆನ್ನನ್ನಷ್ಟೇ ಅಲ್ಲದೆ ಅವನ ದುಡಿಮೆಯನ್ನೂ ಪರೀಕ್ಷಿಸಬೇಕಾಗುತ್ತದೆ. 1700ರಲ್ಲಿಯೇ ಇಟಲಿಯ ವೈದ್ಯ ಬೆರ್ನಾರ್ಡಿನೋ ರಾಮಝೀನಿ, ಕಸುಬುದಾರರ ರೋಗಗಳನ್ನು ಕುರಿತ ತನ್ನ ಗ್ರಂಥದಲ್ಲಿ, ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳೊಡನೆ ‘ನಿನ್ನ ಕಸುಬು ಯಾವುದು’ ಎಂಬುದನ್ನೂ ಸೇರಿಸಬೇಕೆಂದು ವೈದ್ಯರಿಗೆ ಸೂಚಿಸಿದ್ದನು.

ಬಾಗಿದ ಬೆನ್ನಿನಲ್ಲಿ ನಡೆಯುವುದೇನೆಂಬುದನ್ನು ತಿಳಿಯಲು ಹಳೆಯ ಏತವನ್ನು ನೆನೆದರೆ ಸಾಕು. ಏತದ ಉದ್ದನೆಯ ತುದಿಯಲ್ಲಿ ತೂಗುವ ಅಲ್ಪಭಾರವನ್ನು ಗಿಡ್ಡ ತುದಿಯಿಂದ ಸರಿತೂಗಿಸಬೇಕಾದರೆ ಅಲ್ಲಿ ಬಹಳ ಹೆಚ್ಚಿನ ತೂಕ ಬೇಕು. ಬೆನ್ನೆಲುಬು ಅಂತಹ ಏತದ ಕಂಬ. ಬೆನ್ನಿನ ಸ್ನಾಯುಗಳು ಅದರಿಂದ ಸುಮಾರು 5 ಸೆಂಟಿಮೀಟರು ದೂರದಲ್ಲಿ ನಿಂತು ಎಳೆಯುತ್ತವೆ. ಕೈಯಲ್ಲಿರುವ ಹೊರೆಯಾದರೋ 50 ಸೆಂಟಿಮೀಟರು ಮುಂದಿರಬಹುದು. ಹಾಗಾದಾಗ 10 ಕಿಲೋ ಹೊರೆಗೆ ಸ್ನಾಯುಗಳು 100 ಕಿಲೋಗಳಷ್ಟು ಬಲವನ್ನು ಹಾಕಬೇಕು. ಕೈ ಬರಿದಾಗಿದ್ದರೂ, ಬಾಗಿದವನ ತಲೆ, ತೋಳು, ಎದೆಗಳ ಭಾರವೇ ಒಂದು ಹೊರೆ. ಇನ್ನೊಂದು ವಿಚಿತ್ರವೂ ಉಂಟು. ಮನುಷ್ಯನು ಪೂರ್ತಿಯಾಗಿ ಬಾಗಿದೊಡನೆ ಬೆನ್ನಿನ ಸ್ನಾಯುಗಳು ತಮ್ಮ ಕೆಲಸವನ್ನು ಬಿಟ್ಟು ಸುಮ್ಮನಾಗುತ್ತವೆಂದು ಫ್ಲಾಯ್ಡ್ ಮತ್ತು ಸಿಲ್ವರ್ ಎಂಬ ವಿಜ್ಞಾನಿಗಳು 1950ರ ದಶಕದಲ್ಲಿ ತೋರಿಸಿದರು. ಆಗ ಭಾರವೆಲ್ಲ ಮೂಳೆಗಳನ್ನು ಬಿಗಿದಿರುವ ಕಟ್ಟುಗಳ ಮೇಲೆಯೂ ಮಣಿಗಳ ನಡುವಣ ಮೆತ್ತೆಗಳ ಮೇಲೆಯೂ ಬೀಳುತ್ತದೆ. ಬಹುಕಾಲ ಎಳೆದ ಹಗ್ಗದಂತೆ ಆ ಕಟ್ಟುಗಳು ಸಡಿಲುತ್ತವೆ; ಬಾಗಿದ್ದವರು ನೆಟ್ಟಗಾದ ಮೇಲೂ ಅವು ಕೂಡಲೇ ಬಿಗಿಗೊಳ್ಳುವುದಿಲ್ಲ.

ನಾಟಿಯ ಹೆಂಗಸರ ಭಂಗಿ ಇದೇ. ಎಡಗೈಯಲ್ಲಿ ಅಗೆಯ ಕಟ್ಟು, ಬಲಗೈ ಕೆಸರಿನಲ್ಲಿ. ಮಂಡಿ ಬಗ್ಗದೆ ನಡು ಮಾತ್ರ ಬಗ್ಗಿ, ಹೆಜ್ಜೆ ಹೆಜ್ಜೆಗೂ ಹಿಂದಕ್ಕೆ ಸರಿಯುತ್ತ ಗಂಟೆಗಟ್ಟಲೆ ದುಡಿಯುವರು. ಕೆಸರು ಕಾಲನ್ನು ಹಿಡಿಯುವುದರಿಂದ ಹೆಜ್ಜೆ ಕಿತ್ತಿಡುವಾಗ ನಡು ತಿರುಚುತ್ತದೆ. ಬಾಗುವಿಕೆ ಮತ್ತು ತಿರುಚುವಿಕೆ ಕೂಡಿದಾಗ ಅಪಾಯ ಹೆಚ್ಚೆಂಬುದನ್ನು ಅನೇಕ ದೇಶಗಳ ಅಧ್ಯಯನಗಳು ಒಪ್ಪಿವೆ. ಅವರ ದಿನವು ಗದ್ದೆಯಲ್ಲಿ ಪ್ರಾರಂಭವಾಗುವುದಿಲ್ಲವೆಂಬುದೂ ಗಮನಾರ್ಹ. ಮಲಗಿದ್ದಾಗ ಬೆನ್ನಿನ ಮೆತ್ತೆಗಳು ನೀರು ಹೀರಿ ಉಬ್ಬಿರುವುದರಿಂದ, ಎದ್ದ ಮೊದಲ ಒಂದೆರಡು ಗಂಟೆ ಬಾಗುವುದು ಅವುಗಳಿಗೆ ವಿಶೇಷವಾಗಿ ಕಷ್ಟ. ಆ ಹೊತ್ತಿನಲ್ಲಿ ಬಾಗದಿದ್ದ ದೀರ್ಘಕಾಲದ ರೋಗಿಗಳಿಗೆ ನೋವು ಕಡಮೆಯಾಯಿತೆಂದು 1998ರಲ್ಲಿ ಅಮೆರಿಕದ ಒಂದು ಪ್ರಯೋಗ ತೋರಿಸಿತು. ನಮ್ಮ ಹೆಂಗಸರು ಅದೇ ಹೊತ್ತಿನಲ್ಲಿ ಹಿಡಿಗಿಡ್ಡದ ಪೊರಕೆಯಿಂದ ಅಂಗಳ ಗುಡಿಸಿ, ಸಗಣಿ ಬಾಚಿ, ರಂಗವಲ್ಲಿಯಿಟ್ಟು, ನೀರು ಹೊತ್ತು ಅನಂತರ ಗದ್ದೆಗಿಳಿಯುವರು. ಇದಕ್ಕೆ ಕೂಲಿಯ ಲೆಕ್ಕವೂ ಇಲ್ಲ.

ಗಂಡಸರ ಪಾಲಿನ ಅಪಾಯ ಹೆಚ್ಚಾಗಿ ಚೀಲದಲ್ಲಿದೆ. ಕ್ವಿಂಟಲ್ ತೂಕದ ಗೋಣಿಯನ್ನು ಬೆನ್ನ ಮೇಲೆ ಹೊತ್ತು ಲಾರಿಯ ಹಲಗೆಯನ್ನು ಏರುವುದು ಮಂಡಿಯ ಹಮಾಲರಿಗೆ ಬಹುಕಾಲದ ರೂಢಿಯಾಗಿತ್ತು. 1967ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ವಯಸ್ಕ ಪುರುಷನು ಹೊರುವ ಭಾರ 55 ಕಿಲೋಗಳನ್ನು ಮೀರಿದ್ದಲ್ಲಿ ಅದನ್ನು ಆದಷ್ಟು ಬೇಗ ಇಳಿಸಬೇಕೆಂದೂ, ಹೆಂಗಸರ ಹೊರೆ ಅದಕ್ಕಿಂತ ಬಹಳ ಕಡಮೆಯಿರಬೇಕೆಂದೂ ಶಿಫಾರಸು ಮಾಡಿತು. ಅಕ್ಕಿಯ ಚೀಲ ಈಗ ಸಾಮಾನ್ಯವಾಗಿ 50 ಕಿಲೋಗಳಿಗೆ ಇಳಿದಿದೆ. ಆದರೆ ಶಿಕಾರಿಪುರ, ಸೊರಬಗಳಲ್ಲಿ ಹಬ್ಬಿರುವ ಶುಂಠಿಯ ಧಾರಣೆಯನ್ನು ಇಂದಿಗೂ 60 ಕಿಲೋ ಚೀಲದ ಲೆಕ್ಕದಲ್ಲಿ ಹೇಳುತ್ತಾರೆ. ಆ ಹೆಚ್ಚುವರಿ 5 ಕಿಲೋ ವ್ಯಾಪಾರದ ಅನುಕೂಲಕ್ಕಾಗಿ ಉಳಿದುದೇ ಹೊರತು, ಅದಕ್ಕೆ ಬೇರೆ ಸಮರ್ಥನೆಯನ್ನು ನಾನು ಕಾಣೆ.

ಟಿಲ್ಲರು, ಟ್ರಾಕ್ಟರುಗಳ ಅದುರು, ಧೂಮಪಾನ, ಅತಿಸ್ಥೂಲತೆ, ಹಿಂದೊಮ್ಮೆ ನೋವು ಬಂದಿದ್ದುದು, ಮನಸ್ಸಿನ ಕುಗ್ಗುವಿಕೆ ಇವೂ ಕಾರಣಗಳ ಪಟ್ಟಿಯಲ್ಲಿವೆ. ಕೆಲಸದ ವೇಗ ತನ್ನ ಕೈಯಲ್ಲಿಲ್ಲದಿರುವುದೂ ಒಂದು ಕಾರಣವೆನ್ನುತ್ತಾರೆ. ಎಕರೆಗಿಷ್ಟೆಂದು ಗುತ್ತಿಗೆ ಹಿಡಿದ ಗುಂಪಿನಲ್ಲಿ ಒಬ್ಬಳು ನಡು ನೆಟ್ಟಗೆ ಮಾಡಿ ನಿಂತರೆ ಸಾಲು ಹಿಂದೆ ಬೀಳುತ್ತದೆ. ದಿನಗೂಲಿಯಲ್ಲಿ ಅಷ್ಟು ಬಿಡುವಾದರೂ ಉಂಟು.

ಭಾರ ಎತ್ತುವ ಸರಿಯಾದ ಕ್ರಮವನ್ನು ಕಲಿಸಿಬಿಟ್ಟರೆ ಸಾಕೆಂಬ ಉಪದೇಶ ಬಹಳ ಕಾಲ ನಡೆಯಿತು. ಅಂತಹ ಉಪದೇಶವೊಂದರಿಂದಲೇ ನೋವು ಕಡಮೆಯಾಗುವುದಿಲ್ಲವೆಂದು ಅನಂತರದ ಪರೀಕ್ಷೆಗಳು ತೋರಿಸಿವೆ. ಬದಲಾಗಬೇಕಾದುದು ಸಲಕರಣೆ. ಕ್ಯಾಲಿಫೋರ್ನಿಯದಲ್ಲಿ ಕೂಲಿಕಾರರು ಗಿಡ್ಡ ಹಿಡಿಯ ಗುದ್ದಲಿಯಿಂದ ದಿನವಿಡೀ ಬಾಗಿ ಕೆಲಸ ಮಾಡಬೇಕಾಗಿದ್ದಿತು. ಉದ್ದ ಹಿಡಿಯಿಂದ ಬೆಳೆ ಹಾಳಾಗುವುದೆಂದು ಭೂಮಾಲಿಕರು ವಾದಿಸಿದರು. ವೈದ್ಯರ ಸಾಕ್ಷ್ಯದೊಡನೆ ವ್ಯಾಜ್ಯ ನಡೆದು 1975ರಲ್ಲಿ ಆ ಗುದ್ದಲಿ ನಿಷಿದ್ಧವಾಯಿತು, ವ್ಯವಸಾಯವೇನೂ ನಿಲ್ಲಲಿಲ್ಲ. ನಮ್ಮಲ್ಲಿಯೂ ಇಂತಹ ಮಾರ್ಗಕ್ಕೆ ಪೂರ್ವಪರಂಪರೆ ಉಂಟು. ಸೊರಬ, ಶಿಕಾರಿಪುರಗಳಿಂದ ಹಾವೇರಿ, ಧಾರವಾಡಗಳವರೆಗಿನ ಅರೆಮಲೆನಾಡಿನಲ್ಲಿ ಒಣನೆಲದಲ್ಲಿ ಕೂರಿಗೆಯಿಂದ ಭತ್ತ ಬಿತ್ತಿ, ಸಾಲುಗಳ ನಡುವೆ ಎಡೆಕುಂಟೆ ಹೊಡೆಯುವ ಪದ್ಧತಿ ಹಳೆಯದು. ಇದರಲ್ಲಿ ನಾಟಿಯ ಬಾಗುವಿಕೆ ಇಲ್ಲ. ಕಳೆ ಹೆಚ್ಚು, ಜೌಗು ನೆಲಕ್ಕೆ ಹೊಂದದು ಎಂಬ ದೋಷಗಳು ನಿಜ. ನಾಟಿಯ ಯಂತ್ರಗಳೂ ಬಂದಿವೆ, ಆದರೆ ಅವು ಸಣ್ಣ ಹಿಡುವಳಿಯವರಿಗೆ ದುಬಾರಿ. ಬಿತ್ತನೆಯ ಕ್ರಮಗಳನ್ನು ಇಳುವರಿಯಿಂದ ಮಾತ್ರ ಹೋಲಿಸುವ ನಮ್ಮ ವಾಡಿಕೆಯಲ್ಲಿ ನಡುವಿನ ಲೆಕ್ಕವೂ ಸೇರುವುದು ನ್ಯಾಯ.

ಈಸೂರಿರುವ ಈ ತಾಲ್ಲೂಕಿನದೇ ಆದ ಬಳ್ಳಿಗಾವೆಯ ಕೋಡಿಮಠವನ್ನು 1162ರ ಸುಮಾರಿನ ಶಾಸನವು ವರ್ಣಿಸುತ್ತ, ಶಾಸ್ತ್ರಾಧ್ಯಯನ, ಅನ್ನದಾನಗಳೊಡನೆ ಅನಾಥ ರೋಗಿಗಳ ಚಿಕಿತ್ಸೆಯೂ ಅಲ್ಲಿ ನಡೆಯುತ್ತಿದ್ದಿತೆಂದು ಹೇಳುತ್ತದೆ. ಸೊಂಟ ಹಿಡಿದ ಕೂಲಿಯವನೊಬ್ಬನು ಆ ಬಾಗಿಲಿಗೆ ಬಂದಿರಲಾರನೆಂದು ಹೇಳಲು ಕಾರಣವಿಲ್ಲ. ಇಂದಿನ ವೈದ್ಯರ ಮತವಾದರೋ ಹಾಸಿಗೆ ಹಿಡಿಯಬಾರದೆಂಬುದು: ಸಹಿಸುವಷ್ಟು ನಡೆದಾಡುತ್ತಿದ್ದರೆ ಸಾಮಾನ್ಯ ನೋವು ಕೆಲವು ವಾರಗಳಲ್ಲಿ ಇಳಿಯುತ್ತದೆ, ಎಲ್ಲರಿಗೂ ಚಿತ್ರ ತೆಗೆಸುವ ಅಗತ್ಯವೂ ಇಲ್ಲ. ಆದರೆ ಮೂತ್ರ ಕಟ್ಟುವುದು ಅಥವಾ ತಡೆಯಲಾಗದಿರುವುದು, ತೊಡೆಗಳ ಸಂದಿಯಲ್ಲಿ ಸ್ಪರ್ಶಜ್ಞಾನ ಕುಂದುವುದು, ಕಾಲಿನ ಬಲ ಕುಗ್ಗುವುದು, ಇವುಗಳಲ್ಲಿ ಯಾವುದು ಕಂಡರೂ ನಾಟಿ ಮುಗಿಯಲೆಂದು ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಜ್ವರದೊಡನೆ ಬರುವ ನೋವನ್ನೂ, ಕಾರಣವಿಲ್ಲದೆ ಮೈ ಇಳಿಯುತ್ತಿರುವವರ ನೋವನ್ನೂ ವೈದ್ಯರಿಗೆ ತೋರಿಸಲು ತಡಮಾಡಬಾರದು.